ರಬ್ಬರಿಗೆ ತೆಂಗಿನೆಣ್ಣೆ

ಪಂಪಿನ ಕೆಲಸಕ್ಕೆ ಹೊಸದಾಗಿ ಇಳಿದ ಹುಡುಗರು, ಈಗೀಗ ಹುಡುಗಿಯರೂ, ನನ್ನನ್ನು ಕಂಡಾಗ ಕೇಳುವುದು ಒಂದೇ: ಅಷ್ಟು ವರ್ಷ ಮಾಡಿದ್ದೀರಿ, ಏನಾದರೂ ಗುಟ್ಟಿದ್ದರೆ ಹೇಳಿ. ಗುಟ್ಟು ಇದೆ. ಚೀಲದಿಂದ ಸ್ಪ್ಯಾನರ್ ತೆಗೆಯುವ ಮೊದಲು ಒಂದು ಕುರ್ಚಿ ಕೇಳಿ ಕೂತುಕೊಳ್ಳಿ. ಚಾ ಕೊಟ್ಟರೆ ಕುಡಿಯಿರಿ. ಪಂಪು ಎಷ್ಟು ಹೊತ್ತಿಗೊಮ್ಮೆ ಸ್ಟಾರ್ಟ್ ಆಗುತ್ತದೆ, ಎಷ್ಟು ಹೊತ್ತು ಓಡುತ್ತದೆ, ನಿಲ್ಲುವಾಗ ಪೈಪು ಒದೆಯುತ್ತದೋ ಇಲ್ಲವೋ, ಇಷ್ಟನ್ನು ಕೂತಲ್ಲೇ ಕೇಳಿಸಿಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು. ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳಲ್ಲಿ ನಾನು ಕೂತು ಚಾ ಕುಡಿಯದ ಪಂಪ್‌ಮನೆ ಕಡಿಮೆ. ಇವನು ಸೋಮಾರಿ ಎಂದು ಎಷ್ಟೋ ಗಿರಾಕಿಗಳು ಅಂದುಕೊಂಡದ್ದುಂಟು. ಅವರೇ ಮತ್ತೆ ನನ್ನನ್ನು ಕರೆದದ್ದೂ ಉಂಟು.

ಬೂಸ್ಟರ್ ಪಂಪು ಎಂದರೇನು ಎಂದು ತಿಳಿಯದವರಿಗೆ ಎರಡು ಮಾತು. ತಾರಸಿಯ ಮೇಲಿನ ಟ್ಯಾಂಕಿನಿಂದ ಕೆಳಗಿನ ಮನೆಗೆ ನೀರು ತಾನಾಗಿ ಇಳಿಯುತ್ತದೆ, ಆದರೆ ಟ್ಯಾಂಕಿನ ಬುಡದಲ್ಲೇ ಇರುವ ಮೇಲಿನ ಮನೆಗೆ ದಾರದಷ್ಟು ಸಣ್ಣಗೆ ಬರುತ್ತದೆ. ಆ ನೀರಿಗೆ ಜೋರು ಕೊಡಲು ಒಂದು ಪಂಪು. ಅದರ ಪಕ್ಕದಲ್ಲಿ ಉರುಟಾದ ಕಬ್ಬಿಣದ ಟ್ಯಾಂಕು, ಟ್ಯಾಂಕಿನೊಳಗೆ ರಬ್ಬರಿನ ಚೀಲ, ಚೀಲದ ಸುತ್ತ ಟಯರಿಗೆ ಹೊಡೆದ ಹಾಗೆ ಗಾಳಿ. ಪಂಪು ಚೀಲಕ್ಕೆ ನೀರು ತುಂಬಿಸಿ ನಿಲ್ಲುತ್ತದೆ. ನಲ್ಲಿ ತಿರುಗಿಸಿದರೆ ಸುತ್ತಲಿನ ಗಾಳಿ ಚೀಲವನ್ನು ಅಮುಕಿ ನೀರನ್ನು ಕಳಿಸುತ್ತದೆ, ಪಂಪಿಗೆ ಅಷ್ಟು ಹೊತ್ತು ವಿರಾಮ. ಚೀಲ ಹರಿಯಿತೋ, ಒಂದು ಚೊಂಬು ನೀರಿಗೂ ಪಂಪು ಎದ್ದು ಓಡಬೇಕು. ಕೆಲವೇ ವಾರಗಳಲ್ಲಿ ಸ್ವಿಚ್ಚು ಸುಡುತ್ತದೆ, ಆಮೇಲೆ ಮೋಟಾರು. ಆ ಚೀಲದ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಲಿಕ್ಕೇ ಇದನ್ನು ಬರೆಯಲು ಕೂತೆ.

ನಾನು ಕಿರಿಮಂಜೇಶ್ವರದ ಮೀನುಗಾರರ ಮನೆಯವನು. ಹೆಸರು ಶ್ರೀನಿವಾಸ, ಎಲ್ಲರ ಬಾಯಲ್ಲಿ ಶೀನ. ದೋಣಿ ಹತ್ತಿದರೆ ವಾಂತಿ ಮಾಡುವ ಮಗನನ್ನು ಅಪ್ಪ ಎರಡು ವರ್ಷ ಸಹಿಸಿಕೊಂಡರು. ಮೂರನೇ ವರ್ಷ ಬಸ್ಸು ಹತ್ತಿಸಿ ಕುಂದಾಪುರಕ್ಕೆ ತಂದು ಬಾಬು ಮೇಸ್ತ್ರಿಯವರ ಪಂಪು ರಿಪೇರಿ ಅಂಗಡಿಯಲ್ಲಿ ಬಿಟ್ಟರು. ಬಸ್ಸಿನಲ್ಲೂ ವಾಂತಿ ಮಾಡಿದ್ದೆ. ಮೇಸ್ತ್ರಿ ನನ್ನ ಮುಖ ನೋಡಿ, ಮೊದಲು ಇವನಿಗೆ ಊಟ ಹಾಕಿ ಎಂದು ಹೆಂಡತಿಗೆ ಹೇಳಿದರು. ಅಂಗಡಿಯ ಹಿಂದೆಯೇ ಅವರ ಮನೆ. ಆವತ್ತಿನಿಂದ ಹನ್ನೆರಡು ವರ್ಷ ನಾನು ಮಧ್ಯಾಹ್ನ ಉಂಡದ್ದು ಆ ಮನೆಯಲ್ಲೇ.

ಮೇಸ್ತ್ರಿ ಮುಂಬೈಯ ಎತ್ತರದ ಕಟ್ಟಡಗಳಲ್ಲಿ ಪಂಪಿನ ಕೆಲಸ ಕಲಿತು ಊರಿಗೆ ಮರಳಿದವರು. ಕೆಲಸ ಸರಿಯಾದರೆ ‘ಬರೋಬ್ಬರ್’ ಎನ್ನುತ್ತಿದ್ದರು. ಸರಿಯಾಗದಿದ್ದರೆ ಮಾತೇ ಇಲ್ಲ. ಶಿರೂರಿನ ಒಂದು ಮನೆಯಲ್ಲಿ ನಾನು ಹೊಸ ಪಂಪು ಕೂಡಿಸಿ, ಒಳಗೆ ನೀರು ತುಂಬಿಸಿ ಗಾಳಿ ಬಿಡುವುದನ್ನೇ ಮರೆತು ಸ್ವಿಚ್ಚು ಹಾಕಿದ್ದೆ. ಒಣಗಿದ ಪಂಪು ಅರ್ಧ ಗಂಟೆ ಓಡಿ ಸೀಲು ಕರಟಿಹೋಯಿತು. ನಾನು ಅಷ್ಟು ಹೊತ್ತೂ ಮನೆಯವರೊಂದಿಗೆ ಮಾವಿನ ಹಣ್ಣು ತಿನ್ನುತ್ತಾ ಹರಟುತ್ತಿದ್ದೆ. ಅದಕ್ಕೆ ಮೇಸ್ತ್ರಿ ಮೂರು ದಿನ ಮಾತು ಬಿಟ್ಟರು. ನಾಲ್ಕನೇ ದಿನ ಹೊಸ ಸೀಲನ್ನು ನನ್ನ ಕೈಗೆ ಕೊಟ್ಟು, ನಾನೇ ಹೋಗಿ ಕೂಡಿಸಿ ಬರಬೇಕೆಂದರು. ಮಾವಿನ ಹಣ್ಣು ಮುಟ್ಟಬಾರದು ಎಂದೂ ಸೇರಿಸಿದರು.

ಅವರ ಸಾಮಾನಿನ ಚೀಲದಲ್ಲಿ ಯಾವತ್ತೂ ಇರುತ್ತಿದ್ದ ಒಂದು ವಸ್ತು ತೆಂಗಿನೆಣ್ಣೆಯ ಬಾಟ್ಲಿ. ಆಗ ಕೈಪಂಪುಗಳೊಳಗೆ, ಬಾವಿಯ ತಳದ ವಾಲ್ವುಗಳೊಳಗೆ ಚರ್ಮದ ವಾಷರುಗಳಿದ್ದವು. ಚರ್ಮ ಒಣಗಿದರೆ ಬಿರಿಯುತ್ತದೆ, ನೀರು ಹಿಡಿಯುವುದಿಲ್ಲ. ಮೇಸ್ತ್ರಿ ಹಿಂದಿನ ದಿನವೇ ವಾಷರನ್ನು ಎಣ್ಣೆಯಲ್ಲಿ ನೆನೆಹಾಕಿ, ಬೆರಳಿನಿಂದ ತಿಕ್ಕಿ ಮೆತ್ತಗೆ ಮಾಡಿ ಕೂಡಿಸುತ್ತಿದ್ದರು. ಅವರು ಕೂಡಿಸಿದ ವಾಷರು ಬೇರೆಯವರದ್ದಕ್ಕಿಂತ ಎರಡು ಪಟ್ಟು ಬಾಳುತ್ತಿತ್ತು. ಹಟ್ಟಿಯಂಗಡಿಯಿಂದ ಕೋಟದವರೆಗೆ ಜನ ಅವರ ಕೈಗುಣ ಎನ್ನುತ್ತಿದ್ದರು. “ಎಣ್ಣಿ ತಾಗ್ಸ್ದೆ ಎಂತದ್ನೂ ಕೂಡ್ಸುಕಾಗ” ಎಂಬುದು ಅವರು ನನಗೆ ಕಲಿಸಿದ ಮೊದಲ ಪಾಠ. ನಾನೂ ಒಂದು ಬಾಟ್ಲಿ ಇಟ್ಟುಕೊಂಡೆ.

ಬೂಸ್ಟರ್ ಪಂಪುಗಳು ನಮ್ಮ ಕಡೆ ಬಂದಾಗ ಜನರಿಗೆ ಅದೊಂದು ಮೋಜು. ಬಿಸಿನೀರಿನ ಸೋಲಾರ್ ಹಾಕಿಸಿದವರು, ಮಹಡಿ ಮನೆ ಕಟ್ಟಿಸಿದವರು, ಮುಂಬೈಯಲ್ಲಿ ಹೋಟೆಲ್ ಇಟ್ಟು ಊರಲ್ಲಿ ಮನೆ ಕಟ್ಟಿದವರು ಎಲ್ಲರಿಗೂ ಬೇಕಾಯಿತು. ಮುಂಬೈಯವರ ಮನೆಗಳು ಹತ್ತು ತಿಂಗಳು ಬೀಗ ಹಾಕಿಕೊಂಡಿದ್ದು ಮೇ ತಿಂಗಳಲ್ಲಿ ಬಾಗಿಲು ತೆರೆಯುತ್ತವೆ. ಅಷ್ಟು ದಿನ ತಿರುಗದ ಪಂಪು ಕಚ್ಚಿಕೊಂಡು ಕೂತಿರುತ್ತದೆ. ಸ್ವಿಚ್ಚು ಹಾಕಿದರೆ ಹೂಂ ಎನ್ನುತ್ತದೆಯೇ ಹೊರತು ಅಲುಗಾಡುವುದಿಲ್ಲ. ಮೇ ಮೊದಲ ವಾರ ನಮಗೆ ಮೈ ತುರಿಸಲೂ ಪುರುಸೊತ್ತಿಲ್ಲ. ಹೋಗುವುದು, ಕರೆಂಟು ತೆಗೆದು ಹಿಂದಿನ ಫ್ಯಾನಿನ ಮುಚ್ಚಳ ಬಿಚ್ಚುವುದು, ಕೈಯಿಂದ ನಾಲ್ಕು ಸುತ್ತು ತಿರುಗಿಸುವುದು, ಮುಂದಿನ ಮನೆಗೆ ಓಡುವುದು. ಐದು ನಿಮಿಷದ ಕೆಲಸ. ಹೊಸ ಪಂಪನ್ನೇ ತಲೆಗೆ ಕಟ್ಟುವ ಮೆಕ್ಯಾನಿಕ್ಕುಗಳೂ ಇದ್ದರು, ನೀವು ಹಾಗೆ ಮಾಡಬೇಡಿ.

ನನಗೆ ಹೆಸರು ತಂದುಕೊಟ್ಟದ್ದು ಸಾಲಿಗ್ರಾಮದ ಹೊಳ್ಳರ ಮನೆ. ಹೊಳ್ಳರು ದೇವಸ್ಥಾನದ ಪೂಜೆ ಮುಗಿಸಿ ಬಂದು ಗದ್ದೆ ನೋಡುವ ಮನುಷ್ಯ, ಎಲ್ಲದಕ್ಕೂ ಶಿಸ್ತು. ಅವರ ಪಂಪು ಯಾರೂ ನಲ್ಲಿ ಮುಟ್ಟದಿದ್ದರೂ ತಾನಾಗಿ ಓಡುತ್ತಿತ್ತು. ಅವರು ಗಡಿಯಾರದ ಕೆಳಗೆ ಕೂತು ಒಂದು ನೋಟ್‌ಬುಕ್ಕಿನಲ್ಲಿ ಪಂಪು ಎದ್ದ ಹೊತ್ತು, ಮಲಗಿದ ಹೊತ್ತು ಎಲ್ಲ ಬರೆದಿಟ್ಟಿದ್ದರು. ಜಾತಕದಷ್ಟು ಅಚ್ಚುಕಟ್ಟು. ನೋಡಿದರೆ ಹನ್ನೊಂದು ನಿಮಿಷಕ್ಕೊಮ್ಮೆ, ಹಗಲೆಲ್ಲ. ಅದೇ ಪುಸ್ತಕದಲ್ಲಿ ಬೆಳಿಗ್ಗೆ ಏಳರಿಂದ ಎಂಟರವರೆಗೆ ಮಾತ್ರ ಪಂಪು ಸುಮ್ಮನಿತ್ತು. ಆ ಹೊತ್ತಿನಲ್ಲಿ ಮನೆಯಲ್ಲಿ ಏನು ನಡೆಯುತ್ತದೆ ಎಂದು ಕೇಳಿದೆ. ಹಟ್ಟಿ ತೊಳೆಯಲು ಆ ಕಡೆಯ ವಾಲ್ವು ಕಟ್ಟಿ ಬಾವಿ ನೀರು ಬಿಡುತ್ತೇವೆ ಎಂದರು. ಸಿಕ್ಕಿತಲ್ಲ. ದನ ಕುಡಿಯುವ ತೊಟ್ಟಿಯ ಹಿಂದೆ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು, ಬಿದ್ದ ನೀರು ಸೆಗಣಿ ಗುಂಡಿಗೆ ಸೇರಿ ಯಾರಿಗೂ ಕಾಣುತ್ತಿರಲಿಲ್ಲ. ಒಂದು ವಾಷರು ಬದಲಿಸಿದೆ. ಹೊಳ್ಳರು ನಾಲ್ಕು ಊರಲ್ಲಿ ನನ್ನ ಗುಣಗಾನ ಮಾಡಿದರು, ನೋಟ್‌ಬುಕ್ಕು ತಮ್ಮದೆಂಬುದನ್ನೂ ಮರೆಯದೆ ಹೇಳಿದರು.

ಇನ್ನು ನನ್ನ ತಪ್ಪಿನ ವಿಷಯ. ಕುಂದಾಪುರದಲ್ಲಿ ನಾಲ್ಕು ಮಾಳಿಗೆಯ ಒಂದು ಫ್ಲ್ಯಾಟಿಗೆ ಮೇಸ್ತ್ರಿಯವರೇ ಬೂಸ್ಟರ್ ಕೂಡಿಸಿದ್ದರು. ಏಳೆಂಟು ವರ್ಷ ಬಾಳಬೇಕಾದ ರಬ್ಬರ್ ಚೀಲ ಅಲ್ಲಿ ಒಂದು ವರ್ಷಕ್ಕೆ ಹೋಯಿತು. ಅವರೇ ಬದಲಿಸಿದರು. ಹೊಸದೂ ಹತ್ತು ತಿಂಗಳಿಗೆ ಹೋಯಿತು. ಫ್ಲ್ಯಾಟಿನ ಸೆಕ್ರೆಟರಿ, ಬ್ಯಾಂಕಿನಿಂದ ನಿವೃತ್ತರಾದವರು, ಅಂಗಡಿಗೆ ಬಂದು ನನ್ನನ್ನು ಹೊರಗೆ ಕರೆದರು. ಮೇಸ್ತ್ರಿಗೆ ವಯಸ್ಸಾಯಿತು, ನೀನೊಮ್ಮೆ ಬಂದು ನೋಡು ಎಂದರು. ಮೇಸ್ತ್ರಿ ಆವತ್ತು ಬ್ರಹ್ಮಾವರಕ್ಕೆ ಹೋಗಿದ್ದರು. ನಾನೊಬ್ಬನೇ ಹೋಗಿ ಟ್ಯಾಂಕಿನ ಮುಖದ ಬೋಲ್ಟು ಬಿಚ್ಚಿದೆ.

ಬಿಚ್ಚಿದ ಕೂಡಲೇ ಮೂಗಿಗೆ ಬಡಿದದ್ದು ಕನರಿದ ತೆಂಗಿನೆಣ್ಣೆಯ ವಾಸನೆ. ಚೀಲದ ಬಾಯಿ ಉಬ್ಬಿ ಅಂಟಂಟಾಗಿತ್ತು, ಹೊರಮೈಯಲ್ಲಿ ಎಣ್ಣೆ ಇಳಿದ ಗೆರೆಗಳ ಉದ್ದಕ್ಕೂ ರಬ್ಬರು ಮೆತ್ತಗಾಗಿ ಒಂದು ಕಡೆ ಹರಿದಿತ್ತು. ಆ ಚೀಲವನ್ನು ಟ್ಯಾಂಕಿನ ಸಣ್ಣ ಬಾಯಿಂದ ಮಡಚಿ ಒಳಗೆ ತೂರಿಸುವುದು ಕಷ್ಟದ ಕೆಲಸ. ಜಾರಲಿ ಎಂದು ಮೇಸ್ತ್ರಿ ಅದಕ್ಕೆ ಧಾರಾಳವಾಗಿ ಎಣ್ಣೆ ಹಚ್ಚುತ್ತಿದ್ದರು. ಚರ್ಮಕ್ಕೆ ಅಮೃತವಾದ ಎಣ್ಣೆ ಈ ರಬ್ಬರಿಗೆ ವಿಷ ಎಂದು ಅವರಿಗೆ ಹೊಳೆದಿರಲಿಲ್ಲ. ನನಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ. ನಾನು ಕೂಡಿಸಿದ ಚೀಲಗಳು ಉಳಿದದ್ದು ನನ್ನ ಜಿಪುಣತನದಿಂದ. ನಾನು ಬಾಯಿಗೆ ಮಾತ್ರ ಒಂದು ಹನಿ ಸವರುತ್ತಿದ್ದೆ.

ಅನುಮಾನ ಗಟ್ಟಿ ಮಾಡಿಕೊಳ್ಳಲು ಹರಿದ ಚೀಲದಿಂದ ಎಣ್ಣೆ ತಾಗದ ಎರಡು ತುಂಡು ಕತ್ತರಿಸಿದೆ. ಎರಡು ಉಪ್ಪಿನಕಾಯಿ ಬಾಟ್ಲಿ ತೊಳೆದು ಒಂದಕ್ಕೆ ಅದೇ ಫ್ಲ್ಯಾಟಿನ ಬಾವಿ ನೀರು, ಇನ್ನೊಂದಕ್ಕೆ ತೆಂಗಿನೆಣ್ಣೆ ಹಾಕಿ ತುಂಡುಗಳನ್ನು ಮುಳುಗಿಸಿ ಅಂಗಡಿಯ ಕಪಾಟಿನ ಹಿಂದೆ ಇಟ್ಟೆ. ಮೂರು ವಾರಕ್ಕೆ ತೆಗೆದು ನೋಡಿದರೆ ನೀರಿನದ್ದು ಹೇಗಿತ್ತೋ ಹಾಗೇ ಇದೆ. ಎಣ್ಣೆಯದ್ದು ನೆನೆದ ಕಡಲೆಯ ಹಾಗೆ ಉಬ್ಬಿತ್ತು, ಹೆಬ್ಬೆರಳ ಉಗುರು ಒತ್ತಿದರೆ ಒಳಗಿಳಿಯುತ್ತಿತ್ತು. ಆಗ ನನಗೆ ಸಂಶಯ ಉಳಿಯಲಿಲ್ಲ.

ಹೇಳಬೇಕಿತ್ತು. ಬಾಟ್ಲಿ ಎರಡನ್ನೂ ಅವರ ಮುಂದಿಟ್ಟರೆ ಮುಗಿಯುತ್ತಿತ್ತು. ನನಗೆ ಬಾಯಿ ಬರಲಿಲ್ಲ. ಹನ್ನೆರಡು ವರ್ಷ ಅನ್ನ ಹಾಕಿದ ಮನುಷ್ಯನಿಗೆ, ಊರೆಲ್ಲ ಕೈಗುಣ ಎನ್ನುವ ಆ ಕೈಗೆ, ನಿಮ್ಮಿಂದಲೇ ಹಾಳಾದದ್ದು ಎಂದು ಹೇಗೆ ಹೇಳುವುದು? ನಾಚಿಕೆ ಅವರಿಗಾಗುತ್ತದೆ ಎಂದು ಹೆದರಿದೆ, ನಿಜ ಹೇಳಬೇಕೆಂದರೆ ಅವರು ಮಾತು ಬಿಡುತ್ತಾರೆ ಎಂದೂ ಹೆದರಿದೆ. ಸೆಕ್ರೆಟರಿಗೂ ಮೇಸ್ತ್ರಿಗೂ ಒಂದೇ ಸುಳ್ಳು ಹೇಳಿದೆ: ಬೇಸಿಗೆಯಲ್ಲಿ ಬಾವಿಗೆ ಉಪ್ಪು ಹತ್ತುತ್ತದೆ, ಆ ನೀರು ರಬ್ಬರನ್ನು ತಿನ್ನುತ್ತದೆ. ಕಂಪನಿಯ ಇಂಗ್ಲಿಷ್ ಪುಸ್ತಕ ಅಲ್ಪಸ್ವಲ್ಪ ಓದುತ್ತಿದ್ದವನು ನಾನೊಬ್ಬನೇ, ಹಾಗಾಗಿ ಮೇಸ್ತ್ರಿ ಒಂದೂ ಪ್ರಶ್ನೆ ಕೇಳದೆ ನಂಬಿದರು. ಮುಂದೆ ಚೀಲ ಕೂಡಿಸುವ ಕೆಲಸ ಬಂದರೆ ನಾನೇ ಓಡಿ ಹೋಗಿ ಸಾಬೂನಿನ ನೀರು ಹಚ್ಚಿ ಕೂಡಿಸುತ್ತಿದ್ದೆ. ಎಲ್ಲ ಸುಧಾರಿಸಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆದರೆ ಮೇಸ್ತ್ರಿಗೂ ಒಂದು ಸ್ಕೂಟರಿತ್ತು. ನಾನು ಬೈಂದೂರಿಗೆ ಹೋದರೆ ಅವರು ಬ್ರಹ್ಮಾವರಕ್ಕೆ, ನಾನು ಕೋಟಕ್ಕೆ ಹೋದರೆ ಅವರು ಮರವಂತೆಗೆ. ಅವರ ಸಾಮಾನಿನ ಚೀಲದಲ್ಲಿ ಎಣ್ಣೆ ಬಾಟ್ಲಿ ಇದ್ದೇ ಇತ್ತು.

ಎಂಟು ತಿಂಗಳು ಕಳೆದ ಮೇಲೆ ನಾನು ತಂಗಿಯ ಮಗುವಿನ ನಾಮಕರಣಕ್ಕೆಂದು ಕಿರಿಮಂಜೇಶ್ವರಕ್ಕೆ ಹೋದೆ. ನಮ್ಮ ಹಳೆಯ ಮನೆಯ ಪಕ್ಕದಲ್ಲಿ ಗುಲಾಬಿ ಅಕ್ಕನ ಮನೆ. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿ ಮೂರು ಮಕ್ಕಳನ್ನು ಸಾಕಿದ ಹೆಂಗಸು ಅವಳು. ಆ ವರ್ಷವೇ ಹಿತ್ತಲಲ್ಲಿ ಒಂದು ಶೆಡ್ಡು ಹಾಕಿ ಸಿಗಡಿ ಸುಲಿದು ತೊಳೆದು ಕೊಡುವ ಕೆಲಸ ಶುರು ಮಾಡಿದ್ದಳು. ಹನ್ನೆರಡು ಹೆಂಗಸರು ಅಲ್ಲಿ ದುಡಿಯುತ್ತಿದ್ದರು. ಸಿಗಡಿ ಕೊಳ್ಳುವವನು ಹರಿಯುವ ನೀರಲ್ಲಿ ಜೋರಾಗಿ ತೊಳೆದದ್ದೇ ಬೇಕು ಎಂದಿದ್ದ. ಅದಕ್ಕಾಗಿ ಬೂಸ್ಟರ್ ಹಾಕಿಸಿದ್ದಳು. ಹಾಕಿಕೊಟ್ಟವರು ಮೇಸ್ತ್ರಿ, ನಾನು ಶಿರೂರಿನ ಕಡೆ ಇದ್ದ ದಿನ.

ನಾನು ಹೋದಾಗ ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ನಾಲ್ಕು ದಿನದ ಹಿಂದೆ ಲೋಡು ಬಂದು ಬಿದ್ದಿದ್ದಾಗಲೇ ಪಂಪು ಒಂದೇ ಸಮನೆ ಎದ್ದು ಬಿದ್ದು ಸುಟ್ಟುಹೋಗಿತ್ತಂತೆ. ಹನ್ನೆರಡು ಹೆಂಗಸರೂ ಬಾವಿಯಿಂದ ಸೇದಿ ಸೇದಿ ತೊಳೆದರೂ ಅರ್ಧ ಸಿಗಡಿ ಕೆಟ್ಟಿತು. ಇನ್ನೊಮ್ಮೆ ಹೀಗಾದರೆ ಬೇರೆ ಕಡೆ ಕೊಡುತ್ತೇನೆ ಎಂದು ಕೊಳ್ಳುವವನು ಹೇಳಿ ಹೋಗಿದ್ದ. ಹೊಸ ಮೋಟಾರು, ಹೊಸ ಚೀಲ ತಂದಿಟ್ಟುಕೊಂಡು ಅವಳು ಕೂಡಿಸದೆ ಕೂತಿದ್ದಳು.

“ಬಾವಿ ನೀರೇ ರಬ್ಬರ್ ತಿಂತ್ ಅಂದ್ರ್ ಮೇಸ್ತ್ರಿ” ಎಂದಳು ಗುಲಾಬಿ ಅಕ್ಕ. “ಮತ್ತ್ ಕೂಡ್ಸಿರೂ ಅದೇ ಕಥಿ ಅಲ್ದಾ? ಬೇರೆ ಬಾವಿ ತೋಡ್ಸುಕೆ ನಂಗೆ ಜಾಗ ಎಲ್ಲಿತ್ ಶೀನ? ಈ ವಾರ ಕಾಣ್ತೆ, ಇಲ್ದಿರೆ ಬಾಗ್ಲ್ ಹಾಕುದೇ.”

ಅದು ನನ್ನದೇ ಸುಳ್ಳು. ಕುಂದಾಪುರದಲ್ಲಿ ನಾನು ಹೆಣೆದದ್ದು ಮೇಸ್ತ್ರಿಯವರ ಸ್ಕೂಟರು ಹತ್ತಿ ನನ್ನ ನೆರೆಮನೆಗೆ ಬಂದು ಕೂತಿತ್ತು. ಅವಳ ಬಾವಿಯ ನೀರನ್ನು ಒಂದು ಬೊಗಸೆ ಕುಡಿದೆ. ಚಿಕ್ಕಂದಿನಿಂದ ಕುಡಿದ ಅದೇ ಸಿಹಿನೀರು. ಟ್ಯಾಂಕಿನ ಬೋಲ್ಟು ಬಿಚ್ಚಿದೆ, ಅದೇ ಕನರು ವಾಸನೆ. ಗುಲಾಬಿ ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಬಾವಿಗೆ ಕೈ ಹಚ್ಚಬೇಡ, ಸಂಜೆಯೊಳಗೆ ಬರುತ್ತೇನೆ ಎಂದು ಹೇಳಿ ನಾಮಕರಣದ ಊಟವನ್ನೂ ಬಿಟ್ಟು ಕುಂದಾಪುರಕ್ಕೆ ಹೊರಟೆ. ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಸಿಟ್ಟು.

ಮೇಸ್ತ್ರಿ ಅಂಗಡಿಯಲ್ಲಿ ಒಂದು ಮೋಟಾರಿನ ಬೇರಿಂಗ್ ತೆಗೆಯುತ್ತಿದ್ದರು. ಕಪಾಟಿನ ಹಿಂದಿನಿಂದ ಎರಡು ಬಾಟ್ಲಿ ತಂದು ಅವರ ಮುಂದಿಟ್ಟೆ. ಎಣ್ಣೆಯದ್ದು ಇದು, ನೀರಿನದ್ದು ಇದು, ಎರಡೂ ಫ್ಲ್ಯಾಟಿನ ಚೀಲದ ತುಂಡು ಎಂದೆ. ಗುಲಾಬಿ ಅಕ್ಕನ ಶೆಡ್ಡಿನ ಕಥೆಯನ್ನೂ, ನನ್ನ ಸುಳ್ಳನ್ನೂ ಹೇಳಿದೆ. ಅವರು ಎರಡೂ ತುಂಡು ತೆಗೆದು ಬಟ್ಟೆಯಲ್ಲಿ ಒರೆಸಿ, ಒಂದೊಂದನ್ನೇ ಉಗುರಿನಿಂದ ಒತ್ತಿ ನೋಡಿದರು. ಎಣ್ಣೆಯ ತುಂಡು ಅವರ ಬೆರಳಲ್ಲಿ ಎರಡಾಯಿತು.

“ಯಾವತ್ತ್ ಗೊತ್ತಾಯ್ತ್ ನಿಂಗೆ?” ಎಂದು ಕೇಳಿದರು.

“ಎಂಟ್ ತಿಂಗ್ಳಾಯ್ತ್” ಎಂದೆ.

ಅವರು ಸಿಟ್ಟಾಗುತ್ತಾರೆ ಎಂದು ಕಾದೆ. ಸಿಟ್ಟಾಗಲಿಲ್ಲ. “ಎಂಟ್ ತಿಂಗ್ಳಂಗೆ ನಾನ್ ಎಷ್ಟ್ ಕಡಿ ಎಣ್ಣಿ ಹಚ್ಚಿರ್ಬೋದ್ ಶೀನ? ನನ್ ಮರ್ಯಾದಿ ಉಳ್ಸುಕೆ ಅಂದೇಳಿ ನೀನ್ ಸುಮ್ನಿದ್ದೆ. ನನ್ ಕೈಯಗೇ ನನ್ ಮರ್ಯಾದಿ ತೆಗ್ಸ್ದೆ” ಎಂದರು. ದನಿ ಏರಿಸಲೂ ಇಲ್ಲ. ಅವರು ಹೊಡೆದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿತು. ಕಣ್ಣಲ್ಲಿ ನೀರು ಬಂತು, ಅದನ್ನು ಮುಚ್ಚಿಡಲು ಹೋಗಲಿಲ್ಲ.

ಬೇರಿಂಗನ್ನು ಹಾಗೆಯೇ ಬಿಟ್ಟು ಅವರು ಎದ್ದರು. “ಹೋಪ, ಸ್ಕೂಟರ್ ತೆಗಿ” ಎಂದರು. ಕಿರಿಮಂಜೇಶ್ವರದವರೆಗೆ ನನ್ನ ಹಿಂದೆ ಕೂತು ಬಂದರು. ಗುಲಾಬಿ ಅಕ್ಕನ ಅಂಗಳದಲ್ಲಿ ಇಳಿದು, ಕೂತುಕೊಳ್ಳಿ ಎಂದರೂ ಕೂರದೆ, ನಿಂತಲ್ಲೇ ಹೇಳಿದರು: ಚೀಲ ಹಾಳಾದದ್ದು ನೀರಿನಿಂದ ಅಲ್ಲ, ನಾನು ಹಚ್ಚಿದ ಎಣ್ಣೆಯಿಂದ. ಅಲ್ಲಿ ಕೆಲಸದ ಹೆಂಗಸರು ಮೂರು ನಾಲ್ಕು ಜನ ಬಂದು ನಿಂತಿದ್ದರು. ಅವರ ಎದುರೇ ಹೇಳಿದರು. ನನ್ನ ಸುಳ್ಳಿನ ಸುದ್ದಿ ಎತ್ತಲಿಲ್ಲ. ನಾನೇ ಮುಂದೆ ಬಂದು, ನೀರಿನ ಮೇಲೆ ದೂರು ಹಾಕಿದವನು ನಾನು ಎಂದೆ.

ಗುಲಾಬಿ ಅಕ್ಕ ಇಬ್ಬರನ್ನೂ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆಯೇ. “ಹಂಗಾರೆ ನನ್ ಬಾವಿ ನೀರ್ ಸಮ ಇತ್ತಾ?”

“ನಿನ್ ನೀರ್ ಸಮ ಇತ್. ನನ್ ಕೈ ಸಮ ಇಲ್ಲೆ” ಎಂದರು ಮೇಸ್ತ್ರಿ.

ಅವಳು ಬಾವಿಯ ಕಡೆಗೊಮ್ಮೆ ನೋಡಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಬೈದಳು. ಸಾಕಷ್ಟು ಬೈದಳು, ಅದರಲ್ಲಿ ನನ್ನ ಪಾಲು ದೊಡ್ಡದು. ನಾಲ್ಕು ದಿನ ಆ ಹೆಂಗಸರನ್ನು ಕೆಲಸವಿಲ್ಲದೆ ಕೂರಿಸಿದೆ ಎಂದಳು, ಅದು ಸತ್ಯವೇ. ಬೈದು ಮುಗಿಸಿ ಒಳಗಿನಿಂದ ಬಟ್ಟೆ ಸಾಬೂನಿನ ತುಂಡು, ಒಂದು ಬೋಗುಣಿ ನೀರು ತಂದಿಟ್ಟಳು. ನಾನು ಕದಡಿ ಕೊಟ್ಟೆ. ಮೇಸ್ತ್ರಿ ತಮ್ಮ ಕೈಯಿಂದಲೇ ಚೀಲಕ್ಕೆ ಆ ನೊರೆ ಹಚ್ಚಿ, ಮಡಚಿ, ಟ್ಯಾಂಕಿನ ಬಾಯಿಗೆ ಇಟ್ಟು ಅಮುಕಿದರು. ಎಣ್ಣೆಗಿಂತ ಸಲೀಸಾಗಿ ಒಳಗೆ ಹೋಯಿತು. ಗಾಳಿ ಹೊಡೆದು, ಮೋಟಾರು ಜೋಡಿಸಿ, ನೀರು ತುಂಬಿಸಿ ಸ್ವಿಚ್ಚು ಹಾಕುವಾಗ ಸಂಜೆ ಐದು. ಉದ್ದದ ಪೈಪಿನ ಆರು ನಲ್ಲಿಗಳನ್ನೂ ಆ ಹೆಂಗಸರು ಒಟ್ಟಿಗೆ ತಿರುಗಿಸಿದರು, ಆರರಲ್ಲೂ ನೀರು ಹಾರಿ ಸಿಮೆಂಟಿನ ನೆಲಕ್ಕೆ ಬಡಿಯಿತು. ಮೇಸ್ತ್ರಿ ಬರೋಬ್ಬರ್ ಎನ್ನಲಿಲ್ಲ. ಸಾಮಾನಿನ ಚೀಲದಿಂದ ಎಣ್ಣೆ ಬಾಟ್ಲಿ ತೆಗೆದು ಗುಲಾಬಿ ಅಕ್ಕನ ಕೈಗೆ ಕೊಟ್ಟು, ಇದನ್ನು ತಲೆಗೆ ಹಚ್ಚಿಕೋ ಎಂದರು.

ಮರುದಿನ ಅಂಗಡಿಯಲ್ಲಿ ಕೂತು ಅವರು ನೆನಪು ಮಾಡಿ ಮಾಡಿ ಹೆಸರು ಹೇಳಿದರು, ನಾನು ಬರೆದುಕೊಂಡೆ. ಹದಿನಾಲ್ಕು ಕಡೆ. ಮಳೆ ಹಿಡಿಯುವುದರೊಳಗೆ ಹದಿನಾಲ್ಕು ಕಡೆಯೂ ಹೋಗಿ ಟ್ಯಾಂಕು ಬಿಚ್ಚಿ ಚೀಲ ಬದಲಿಸಿದೆವು. ಪ್ರತಿಯೊಂದು ಅಂಗಳದಲ್ಲೂ ಅವರು ಅದೇ ಮಾತನ್ನು ನಿಂತೇ ಹೇಳಿದರು. ಯಾರೂ ಅವರನ್ನು ಬಿಡಲಿಲ್ಲ, ಫ್ಲ್ಯಾಟಿನ ಸೆಕ್ರೆಟರಿಯೊಬ್ಬರನ್ನು ಬಿಟ್ಟು. ಅವರಿಗೆ ತಪ್ಪಿಗಿಂತ ನನ್ನ ಸುಳ್ಳೇ ಹೆಚ್ಚು ಚುಚ್ಚಿತ್ತು, ಬೇರೆ ಮೆಕ್ಯಾನಿಕ್ಕನ್ನು ಕರೆದರು. ಅವರದ್ದು ನ್ಯಾಯವೇ. ಮೇಸ್ತ್ರಿ ಆಮೇಲೂ ಆರು ವರ್ಷ ಕೆಲಸ ಮಾಡಿ ಅಂಗಡಿಯ ಬೀಗದ ಕೈ ನನಗೆ ಕೊಟ್ಟರು. ಈಗ ಅವರಿಲ್ಲ. ಗುಲಾಬಿ ಅಕ್ಕನ ಶೆಡ್ಡು ಇದೆ, ಅವಳ ಸೊಸೆ ನಡೆಸುತ್ತಾಳೆ. ಮೇಸ್ತ್ರಿ ಸಾಬೂನು ಹಚ್ಚಿ ಕೂಡಿಸಿದ ಆ ಚೀಲ ಒಂಬತ್ತು ವರ್ಷ ಬಾಳಿತು.

ಆಮೇಲಿನ ವರ್ಷಗಳಲ್ಲಿ ಕೆಲಸದ ರೀತಿಯೇ ಬದಲಾಯಿತು. ಹಳೆಯ ಸ್ವಿಚ್ಚು ಪಂಪನ್ನು ಎಬ್ಬಿಸುತ್ತಿತ್ತು, ಮಲಗಿಸುತ್ತಿತ್ತು, ಅಷ್ಟೇ. ಅದರ ಪಾಯಿಂಟುಗಳ ನಡುವೆ ಇರುವೆ ಸತ್ತು ಪಂಪು ನಿಂತರೆ ಒಂದು ಕಾಗದದ ತುಂಡಿನಲ್ಲಿ ಉಜ್ಜಿದರೆ ಆಯಿತು. ಈಗ ಡ್ರೈವ್ ಎಂಬ ಪೆಟ್ಟಿಗೆ ಬಂದಿದೆ. ನೀರು ಎಷ್ಟು ಬೇಕೋ ಅಷ್ಟೇ ವೇಗದಲ್ಲಿ ಮೋಟಾರನ್ನು ಓಡಿಸುತ್ತದೆ, ಏನು ಕಾಯಿಲೆ ಎಂದು ತಾನೇ ನಂಬರು ತೋರಿಸುತ್ತದೆ. ಒಳ್ಳೆಯದೇ. ಆದರೆ ನಂಬರು ನೋಡಿ ಕುರ್ಚಿ ಕೇಳುವುದನ್ನು ಬಿಡಬೇಡಿ. ನೀರಿಲ್ಲ ಎಂದು ಪೆಟ್ಟಿಗೆ ಹೇಳುತ್ತದೆ. ನೀರಿನ ಫಿಲ್ಟರಿನಲ್ಲಿ ಕೆಂಪು ಮಣ್ಣು ಕಟ್ಟಿದೆಯೋ, ಪೈಪಿನ ಜಾಯಿಂಟು ಗಾಳಿ ಎಳೆಯುತ್ತಿದೆಯೋ ಎಂಬುದನ್ನು ನೀವೇ ಹುಡುಕಬೇಕು.

ಮೊಣಕಾಲು ಕೈಕೊಟ್ಟ ಮೇಲೆ ನಾನು ಅಂಗಡಿಯನ್ನು ಶ್ವೇತಾ ಎಂಬವಳಿಗೆ ಒಪ್ಪಿಸಿದೆ. ಐ.ಟಿ.ಐ. ಮುಗಿಸಿ ನನ್ನಲ್ಲಿ ಐದು ವರ್ಷ ಕೆಲಸ ಮಾಡಿದವಳು, ಮಾತು ಕಡಿಮೆ, ಕೈ ಚುರುಕು. ಕಳೆದ ತಿಂಗಳು ಸಾಲಿಗ್ರಾಮದ ಅದೇ ಹೊಳ್ಳರು ನನಗೇ ಫೋನು ಮಾಡಿದರು. ಹೊಸದಾಗಿ ಡ್ರೈವಿನ ಪಂಪು ಹಾಕಿಸಿದ್ದರು, ನೀನೇ ಬಂದು ಹೊಂದಿಸಿಕೊಡಬೇಕು ಎಂದು ಹಟ. ಹೋಗಿ ಟ್ಯಾಂಕಿಗೆ ಗಾಳಿ ಹೊಡೆದು, ಎಲ್ಲ ನೋಡಿ ಬಂದೆ. ಮಾರನೇ ದಿನ ಮತ್ತೆ ಫೋನು. ಎಂಬತ್ತರ ಹತ್ತಿರ ಬಂದರೂ ಅವರು ನೋಟ್‌ಬುಕ್ಕು ಬಿಟ್ಟಿಲ್ಲ. ಪಂಪು ಎರಡು ನಿಮಿಷಕ್ಕೊಮ್ಮೆ ಏಳುತ್ತದೆ, ಎಲ್ಲೂ ಸೋರುವುದಿಲ್ಲ, ಹಟ್ಟಿಯನ್ನೂ ನೋಡಿದೆ ಎಂದರು. ಮಹಡಿ ಹತ್ತಲು ಜೊತೆಗಿರಲಿ ಎಂದು ಶ್ವೇತಾಳನ್ನು ಕರೆದುಕೊಂಡು ಹೋದೆ.

ಅವಳು ಟ್ಯಾಂಕಿನ ನೀರೆಲ್ಲ ಖಾಲಿ ಮಾಡಿ, ಟಯರಿನ ಗಾಳಿ ನೋಡುವ ಗೇಜನ್ನು ಅದರ ವಾಲ್ವಿಗೆ ಹಚ್ಚಿದಳು. ಮುಳ್ಳು ನೋಡಿದಳು,  ಡ್ರೈವಿನ ನಂಬರು ನೋಡಿದಳು. ಹೊಳ್ಳರು ಪಕ್ಕದಲ್ಲೇ ಪುಸ್ತಕ ಹಿಡಿದು ನಿಂತಿದ್ದರು.

“ಮೇಸ್ತ್ರೇ, ಗಾಳಿ ಜಾಸ್ತಿ ಆಯ್ತ್” ಎಂದಳು. “ಇದ್ಕೆ ಹಳೇ ಸ್ವಿಚ್ಚಿನ ಲೆಕ್ಕ ಆತಿಲ್ಲೆ. ಮೂರರಂಗೆ ಓಡು ಪಂಪಿಗೆ ಎರಡೇ ಸಾಕ್.”

ಹೊಳ್ಳರ ಎದುರು, ನನಗೆ. ಹಳೆಯ ಪಂಪು ಗೇಜಿನ ಮುಳ್ಳು ಎರಡಕ್ಕಿಳಿದಾಗ ಎದ್ದು ಮೂರಕ್ಕೇರಿದಾಗ ಮಲಗುತ್ತಿತ್ತು, ಪಂಪು ಏಳುವ ಅಂಕಿಗಿಂತ ಒಂದು ಚೂರು ಕಡಿಮೆ ಗಾಳಿ ಇಡುವುದು ನನ್ನ ಜೀವಮಾನದ ಲೆಕ್ಕ. ಡ್ರೈವಿನ ಪಂಪು ನೀರಿನ ಒತ್ತಡವನ್ನು ಮೂರರಲ್ಲೇ ಹಿಡಿದಿಡುತ್ತದೆ ಎಂದು ನಾನು ಮೂರಕ್ಕಿಂತ ಒಂದು ಚೂರು ಕಡಿಮೆ ಇಟ್ಟಿದ್ದೆ. ಅಷ್ಟು ಗಾಳಿ ಅಮುಕಿ ಹಿಡಿದರೆ ಚೀಲಕ್ಕೆ ನೀರು ಹೋಗುವುದಾದರೂ ಎಲ್ಲಿಂದ? ಅವಳು ಹೇಳಿದ ಕೂಡಲೇ ಅರ್ಥವಾಯಿತು. ಕಿವಿ ಬಿಸಿಯಾಯಿತು, ಸಿಟ್ಟೂ ಬಂತು, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಷ್ಟರಲ್ಲಿ ನನ್ನ ಬಾಯಿಂದ ಹೊರಟದ್ದು ನನ್ನ ಮಾತಲ್ಲ.

“ಯಾವತ್ತ್ ಗೊತ್ತಾಯ್ತ್ ನಿಂಗೆ?” ಎಂದು ಕೇಳಿದೆ.

ಅವಳಿಗೆ ಪ್ರಶ್ನೆ ವಿಚಿತ್ರ ಅನ್ನಿಸಿರಬೇಕು. ಗೇಜಿನಿಂದ ತಲೆಯೆತ್ತಿ ನನ್ನನ್ನು ನೋಡಿ, “ಈಗ್ಳೇ” ಎಂದಳು.

ನಾನು ಹೊಳ್ಳರ ಹತ್ತಿರ ಒಂದು ಕುರ್ಚಿ ಕೇಳಿ ಕೂತುಕೊಂಡೆ. ಗಾಳಿ ಬಿಡುವ ಕೆಲಸ ಅವಳೇ ಮಾಡಿದಳು.